ತವರಿಗೆ ಹೊರಟ ಬಸುರಿ: ಜುವಾರಿನಗರದ ಆರೋಗ್ಯದ ಅಕ್ಕ ನಿಭಾಯಿಸಿದ ಒಂದು ಪ್ರಕರಣ

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಉತ್ತರ ಕರ್ನಾಟಕದ ಮನೆಗಳಲ್ಲಿ ಇದು ಚರ್ಚೆಗೆ ಬರುವ ವಿಷಯವೇ ಅಲ್ಲ. ಗೌಂಡಿಯೊಬ್ಬನ ಹೆಂಡತಿಯಾಗಿ ಗೋವಾದ ಜುವಾರಿನಗರಕ್ಕೆ ಬಂದಿದ್ದ ಹುಡುಗಿಗೆ ಎಚ್‌ಐವಿ ಇದೆಯೆಂದು ಬಸಿರಿನ ನಾಲ್ಕನೇ ತಿಂಗಳಲ್ಲಿ ಗೊತ್ತಾಯಿತು. ಗುಳಿಗೆ ಶುರುವಾದದ್ದು ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿನಲ್ಲಿ. ಹೆರಿಗೆ ಆಗಬೇಕಿದ್ದದ್ದು ಬಾಗಲಕೋಟೆ ಜಿಲ್ಲೆಯ ಹಳ್ಳಿಯೊಂದರಲ್ಲಿ, ಇದರ ಸುಳಿವೂ ಇಲ್ಲದ ತಾಯಿಯ ಮನೆಯಲ್ಲಿ. ನಡುವೆ ಗಂಡ, ಅತ್ತೆ, ಕುಬಸ (ಸೀಮಂತ), ಘಟ್ಟ, ಎರಡು ರಾಜ್ಯಗಳ ಎರಡು ಆಸ್ಪತ್ರೆ. ಆಕೆ ಇದನ್ನೆಲ್ಲ ದಾಟಿದ್ದು ಓಣಿಯ ಆರೋಗ್ಯ ಶಿಕ್ಷಕಿಯ ಬೆಂಬಲದಿಂದ. ಆ ಶಿಕ್ಷಕಿ ಏನು ಮಾಡಿದರು, ಯಾವಾಗ ಮಾಡಿದರು, ಏನನ್ನು ಮಾಡದೆ ಬಿಟ್ಟರು ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ನಾನು ಸಮಾಜಕಾರ್ಯ ಕಲಿಸುವವಳು. ಶಿಕ್ಷಕಿ ಮತ್ತು ಹುಡುಗಿ ಇಬ್ಬರ ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಹೆಸರುಗಳಿಲ್ಲ. ಓಣಿಯಲ್ಲಿ ಕರೆಯುವ ಹಾಗೆಯೇ ಒಬ್ಬರು ಅಕ್ಕ, ಇನ್ನೊಬ್ಬಳು ಸೊಸೆ.

ಅಕ್ಕ ಯಾರು

ವಾಸ್ಕೋದಿಂದ ಮಡಗಾಂವ್ ಕಡೆ ಹೊರಟರೆ ಸಾಂಕವಾಳದ ಕೆಂಪುಕಲ್ಲಿನ ಬಯಲಿನ ಮೇಲೆ ರಸಗೊಬ್ಬರದ ಕಾರ್ಖಾನೆ ಕಾಣುತ್ತದೆ. ಅದರ ಹೆಸರೇ ಪಕ್ಕದ ವಸ್ತಿಗೂ ಬಂದಿದೆ. ಬಾಗಲಕೋಟೆ, ವಿಜಯಪುರ, ಗದಗ, ಹಾವೇರಿ, ಕೊಪ್ಪಳದಿಂದ ದುಡಿಯಲು ಬಂದವರು ಇಲ್ಲಿ ಒಂದರ ಬೆನ್ನಿಗೊಂದು ಖೋಲಿ ಹಾಕಿಕೊಂಡು ನೆಲೆಸಿದ್ದಾರೆ. ಗಂಡಸರು ಗೌಂಡಿ, ಸೆಂಟ್ರಿಂಗ್, ಲೋಡಿಂಗ್ ಕೆಲಸದವರು. ಹೆಂಗಸರು ಸುತ್ತಲಿನ ಕಟ್ಟಡಗಳಲ್ಲಿ ಮನೆಗೆಲಸದವರು. ನಳದ ಹತ್ತಿರ ಒಂದು ತಾಸು ನಿಂತರೆ ಕನ್ನಡದ ಐದಾರು ಬಗೆ ಕಿವಿಗೆ ಬೀಳುತ್ತವೆ. ಗೋವಾದ ಕೆಲವರ ಬಾಯಲ್ಲಿ ಇವರೆಲ್ಲ 'ಘಾಂಟಿ'ಗಳು, ಘಟ್ಟದ ಆಚೆಯಿಂದ ಬಂದವರೆಂದು ಹೀಗಳೆಯುವ ಮಾತು. ಆ ಮಾತನ್ನು ಬಸ್ಸಿನಲ್ಲಿ, ಕಚೇರಿಯಲ್ಲಿ, ಕೆಲವೊಮ್ಮೆ ಆಸ್ಪತ್ರೆಯ ಸಾಲಿನಲ್ಲೂ ಕೇಳಿದವರಿಗೆ ಎಚ್‌ಐವಿ ಎಂಬ ಇನ್ನೊಂದು ಹಣೆಪಟ್ಟಿ ಎಷ್ಟು ಭಾರವಾದೀತು ಎಂದು ಬೇರೆ ಹೇಳಬೇಕಿಲ್ಲ.

ಅಕ್ಕ ಮದುವೆಯಾಗಿ ಬಂದದ್ದು ಜುವಾರಿನಗರಕ್ಕಲ್ಲ, ವಾಸ್ಕೋದ ಬೈನಾಕ್ಕೆ. ಗಂಡ ಮುರ್ಮಗೋವಾ ಬಂದರಿನಲ್ಲಿ ಹಮಾಲಿ. ಆಕೆ ಬಳೆ ಮಾರುತ್ತಿದ್ದರು. ಬೈನಾ ಕಡಲತೀರದ ಖೋಲಿಗಳಲ್ಲಿ ಲೈಂಗಿಕ ದುಡಿಮೆಯಲ್ಲಿದ್ದ ಹೆಂಗಸರಲ್ಲಿ ಬಹಳ ಮಂದಿ ಕರ್ನಾಟಕ, ಆಂಧ್ರದವರು. ಬಳೆ ತೊಡಿಸುವವಳಿಗೆ ಎಲ್ಲರ ಬಾಗಿಲೂ ತೆರೆದಿರುತ್ತದೆ. ಯಾರ ಕೈ ಸಣ್ಣಗಾಗುತ್ತಿದೆ, ಕಳೆದ ಹಬ್ಬಕ್ಕೆ ಬಿಗಿಯಾಗಿದ್ದ ಬಳೆ ಈ ಹಬ್ಬಕ್ಕೆ ಯಾರ ಮೊಳಕೈವರೆಗೆ ಜಾರುತ್ತಿದೆ ಎಂಬುದು ಡಾಕ್ಟರಿಗಿಂತ ಮೊದಲು ಆಕೆಗೆ ಗೊತ್ತಾಗುತ್ತಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದ ಸಂಸ್ಥೆಯೊಂದು ಆಕೆಯನ್ನು ಕಾಂಡೋಮ್ ಹಂಚಲು, ಪರೀಕ್ಷೆಗೆ ಕರೆತರಲು ಸೇರಿಸಿಕೊಂಡದ್ದು ಇದೇ ಕಾರಣಕ್ಕೆ.

ಆಗ ಗುಳಿಗೆ ಇರಲಿಲ್ಲ ಎಂದೇ ಹೇಳಬೇಕು. ಅಂಗಡಿಯಲ್ಲಿ ಕೊಳ್ಳುವ ಶಕ್ತಿ ಯಾರಿಗೂ ಇರಲಿಲ್ಲ. 2004ರ ಏಪ್ರಿಲ್‌ನಲ್ಲಿ ಸರ್ಕಾರ ಎಆರ್‌ಟಿಯನ್ನು, ಅಂದರೆ ಎಚ್‌ಐವಿ ವೈರಸ್ಸನ್ನು ಹತ್ತಿಕ್ಕುವ ಗುಳಿಗೆಗಳ ಚಿಕಿತ್ಸೆಯನ್ನು, ಉಚಿತವಾಗಿ ಶುರುಮಾಡಿತು. ಸೋಂಕು ಹೆಚ್ಚಿದ್ದ ಆರು ರಾಜ್ಯಗಳು ಮತ್ತು ದೆಹಲಿ ಇದ್ದ ಆ ಮೊದಲ ಪಟ್ಟಿಯಲ್ಲಿ ಕರ್ನಾಟಕವಿತ್ತು, ಮಹಾರಾಷ್ಟ್ರವಿತ್ತು, ಗೋವಾ ಇರಲಿಲ್ಲ. ಅದೇ ವರ್ಷ ಜೂನ್‌ನಲ್ಲಿ, ಮಳೆ ಹಿಡಿಯುವ ಹೊತ್ತಿಗೆ, ಹೈಕೋರ್ಟ್ ಆದೇಶದ ಮೇಲೆ ಬೈನಾದ ಖೋಲಿಗಳನ್ನು ಕೆಡವಲಾಯಿತು. ಹೆಂಗಸರು ಲಾಡ್ಜುಗಳಿಗೆ, ಹೆದ್ದಾರಿಗೆ, ಬೇರೆ ಊರುಗಳಿಗೆ ಚದುರಿದರು. ಸಂಸ್ಥೆಯ ಹತ್ತಿರ ಇದ್ದದ್ದು ಖೋಲಿ ನಂಬರಿನ ಪಟ್ಟಿ. ಖೋಲಿಗಳೇ ಹೋದ ಮೇಲೆ ಪಟ್ಟಿ ಏತಕ್ಕೂ ಬರಲಿಲ್ಲ. ಅಕ್ಕನಿಗೆ ಮಾತ್ರ ಯಾರ ಅಕ್ಕ ಎಲ್ಲಿದ್ದಾಳೆ, ಯಾರ ಮಗು ಯಾವ ಕನ್ನಡ ಶಾಲೆಯಲ್ಲಿದೆ, ಯಾರು ಯಾವ ಜಾತ್ರೆಗೆ ಊರಿಗೆ ಹೋಗುತ್ತಾರೆ ಎಂಬುದು ನೆನಪಿತ್ತು. ಆ ನೆನಪಿನ ಎಳೆ ಹಿಡಿದು ಕೆಲವರನ್ನಾದರೂ ಹುಡುಕಿದರು. ಈಗಿನ ಅವರ ಕೆಲಸದ ರೀತಿ ಅಲ್ಲಿ ರೂಪುಗೊಂಡದ್ದು ಎಂದು ನಾನು ತಿಳಿದಿದ್ದೇನೆ: ವಿಳಾಸಕ್ಕಿಂತ ಮೊದಲು ಮನುಷ್ಯರ ಪರಿಚಯ, ಕಾಯಿಲೆಗಿಂತ ಮೊದಲು ಸಂಸಾರದ ಪರಿಚಯ.

ಜುವಾರಿನಗರಕ್ಕೆ ಅವರು ಗುರುವಾರ ಬರುತ್ತಾರೆ. ಬಂದಾಗ ಎಚ್‌ಐವಿ ಮಾತು ತೆಗೆಯುವುದು ಕಡಿಮೆ. ರೇಷನ್ ಕಾರ್ಡಿನ ಅರ್ಜಿ, ಶಾಲೆಯ ದಾಖಲಾತಿ, ಎರಡು ವಾರ ಮೀರಿದ ಕೆಮ್ಮಿಗೆ ಕಫದ ಪರೀಕ್ಷೆ, ಬಸುರಿಯರ ರಕ್ತದ ಅಂಶ (ಹಿಮೋಗ್ಲೋಬಿನ್), ಬಿಪಿ ಎಲ್ಲವೂ ಅವರ ಚೀಲದಲ್ಲಿ ಇರುತ್ತದೆ. ಕೆಲಸ ನೋಡುವ ಮೇಲಧಿಕಾರಿಗಳಿಗೆ ಇದು ಹಲವು ಸಲ ಸಮಯ ಪೋಲು ಅನ್ನಿಸಿದೆ. ವರದಿಯಲ್ಲಿ ಇದಕ್ಕೆ ಕಾಲಮ್ಮೇ ಇಲ್ಲ. ಈ ಪ್ರಕರಣದ ಮಟ್ಟಿಗೆ ಆ ಕಾಲಮ್ ಇಲ್ಲದ ಕೆಲಸವೇ ಜೀವ ಉಳಿಸಿತು.

ತಪ್ಪಿದ ತಾರೀಖು

ಬಸುರಿಯರಿಗೆ ಮೊದಲ ತಪಾಸಣೆಯಲ್ಲೇ ಎಚ್‌ಐವಿ ಪರೀಕ್ಷೆ ಮಾಡುವುದು ಈಗ ರೂಢಿ. ಬೆರಳು ಚುಚ್ಚಿ ಮಾಡಿದ ಮೊದಲ ಪರೀಕ್ಷೆಯಲ್ಲಿ ಅನುಮಾನ ಬಂದರೆ ಅದೇ ಕೊನೆಯ ಮಾತಲ್ಲ. ಐಸಿಟಿಸಿ ಎಂಬ ಸಲಹಾ ಮತ್ತು ಪರೀಕ್ಷಾ ಕೇಂದ್ರದಲ್ಲಿ ಮೂರು ಬೇರೆ ಬೇರೆ ಕಿಟ್‌ಗಳಲ್ಲಿ ನೋಡಿ ಖಚಿತಪಡಿಸುತ್ತಾರೆ. ಸೊಸೆಗೆ ಮೂರರಲ್ಲೂ ಪಾಸಿಟಿವ್ ಬಂತು. 2014ರಿಂದ ನಮ್ಮ ದೇಶದಲ್ಲಿ ಎಚ್‌ಐವಿ ಇರುವ ಬಸುರಿಗೆ ಸಿಡಿ4 (ರಕ್ತದಲ್ಲಿನ ರೋಗನಿರೋಧಕ ಕಣಗಳ ಲೆಕ್ಕ) ಎಷ್ಟೇ ಇರಲಿ, ತಡಮಾಡದೆ ಜೀವನಪೂರ್ತಿ ಎಆರ್‌ಟಿ ಶುರುಮಾಡುವ ನಿಯಮವಿದೆ. ಚಿಕಿತ್ಸೆಯೇ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ದಾಟುವ ಸಂಭವ ನೂರಕ್ಕೆ 15ರಿಂದ 45. ಗುಳಿಗೆ ಸರಿಯಾಗಿ ನಡೆದರೆ ಅದು 5ಕ್ಕಿಂತ ಕೆಳಗಿಳಿಯುತ್ತದೆ. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದೇ ಗುಳಿಗೆ, ದಿನಕ್ಕೊಂದು. ಸೊಸೆಗೆ ಮೊದಲ ತಿಂಗಳ ಡಬ್ಬಿ ಮತ್ತು ಚಿಕಿತ್ಸೆಯ ದಾಖಲೆ ಬರೆಯುವ ಪುಸ್ತಕ ಕೊಟ್ಟರು. ರೋಗಿಗಳು ಅದನ್ನು ಹಸಿರು ಬುಕ್ಕು ಅನ್ನುತ್ತಾರೆ.

ಆಪ್ತ ಸಮಾಲೋಚಕಿ ಮನೆಭೇಟಿಯ ಮಾತೆತ್ತಿದಾಗ ಸೊಸೆ ಬೇಡವೇ ಬೇಡ ಎಂದಿದ್ದಳು. ಕೊನೆಗೆ, 'ಗುಳಿಗಿ ತಪ್ಪಿದ್ರ ಮಾತ್ರ' ಎಂಬ ಷರತ್ತಿನ ಮೇಲೆ ಒಪ್ಪಿಗೆ ಬರೆಸಿದಳು. ಎರಡನೇ ತಿಂಗಳ ತಾರೀಖಿಗೆ ಆಕೆ ಬರಲಿಲ್ಲ. ಕೊಟ್ಟಿದ್ದ ಫೋನು ಗಂಡನದು, ಅದಕ್ಕೆ ಕರೆ ಮಾಡುವ ಹಾಗಿಲ್ಲ. ಬರದೇ ಇದ್ದವರ ಪಟ್ಟಿ ಅಕ್ಕನ ಕೈಗೆ ಬಂತು.

ಇಲ್ಲಿಂದ ಮುಂದಿನದನ್ನು ನನ್ನ ವಿದ್ಯಾರ್ಥಿಗಳಿಗೆ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಕಲಿಯಬೇಕಾದ್ದು ಇಲ್ಲಿದೆ. ಅಕ್ಕ ಮರುದಿನವೇ ಓಡಲಿಲ್ಲ, ಗುರುವಾರದವರೆಗೆ ಕಾದರು. ಬೇರೆ ದಿನ ಬಂದರೆ 'ಇವತ್ಯಾಕ ಬಂದ್ಲು' ಎಂಬ ಪ್ರಶ್ನೆ ಹುಟ್ಟುತ್ತದೆ. ಗುರುವಾರ ಬಂದು ಆ ಸಾಲಿನ ಮೊದಲ ಮನೆಯಿಂದ ಶುರುಮಾಡಿದರು. ಒಂದು ಮನೆಯಲ್ಲಿ ಅಜ್ಜನ ಟಿಬಿ ಗುಳಿಗೆ ಮುಗಿಯಿತಾ ಎಂದು ಕೇಳಿದರು, ಇನ್ನೊಂದರಲ್ಲಿ ಹುಡುಗನ ವರ್ಗಾವಣೆ ಪ್ರಮಾಣಪತ್ರ ನೋಡಿದರು, ಮತ್ತೊಂದರಲ್ಲಿ ಚಹಾ ಕುಡಿದರು. ಸೊಸೆಯ ಮನೆಗೆ ಬರುವ ಹೊತ್ತಿಗೆ ಆ ಓಣಿಗೆ ಅದು ಎಂದಿನ ಗುರುವಾರವಾಗಿತ್ತು. ಒಂದೇ ಮನೆಗೆ ಬಂದು ಹೋಗುವುದನ್ನು ಅಕ್ಕ ಯಾವತ್ತೂ ಮಾಡುವುದಿಲ್ಲ.

ಅತ್ತೆ ಬಾಗಿಲಲ್ಲೇ ಜೋಳ ಹಸನ ಮಾಡುತ್ತ ಕೂತಿದ್ದಳು. ಅಕ್ಕ ಆಕೆಯ ಪಕ್ಕ ಕೂತು ಮೊರದಲ್ಲಿದ್ದ ಹರಳು ಆರಿಸುತ್ತ ಮೊಣಕಾಲಿನ ನೋವು ವಿಚಾರಿಸಿದರು. ಆಮೇಲೆ ಒಳಗಿದ್ದವಳಿಗೆ ಕೇಳುವ ಹಾಗೆ, 'ಸೊಸಿಗೆ ಎಷ್ಟ್ರಾಗ ಬಿದ್ದಾವರೀ ಯವ್ವಾ? ರಕ್ತ ಎಷ್ಟೈತಂತ?' ಎಂದರು. 'ರಕ್ತ ಎಂಟಂತ ನೋಡ್ವಾ, ಮಾರೀನೂ ಬೆಳ್ಳಗಾಗೇತಿ' ಎಂದಳು ಅತ್ತೆ. 'ಹಂಗಾರ ಗುಳಿಗಿ ತಪ್ಪಿಸಬಾರ್ದು. ಮುಂದಿನ ಸಲ ನಾನೂ ಆ ಕಡೆ ಹೊಂಟೀನಿ, ಜೋಡಿಲೆ ಕರ್ಕೊಂಡು ಹೋಗ್ತೀನಿ.' ಅಷ್ಟೇ. ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ.

ಸೊಸೆ ಕೊಡ ಹಿಡಿದು ನಳಕ್ಕೆ ಹೊರಟಾಗ ಅಕ್ಕ ಜೊತೆಗೆ ನಡೆದರು. ಬೈಯಲಿಲ್ಲ, ಯಾಕೆ ಬರಲಿಲ್ಲ ಎಂದೂ ಕೇಳಲಿಲ್ಲ. 'ವಾಂತಿ ಬರತಾವೇನ್ ತಂಗಿ?' ಎಂದು ಶುರುಮಾಡಿದರು. ಆಗ ಒಂದೊಂದೇ ಹೊರಬಂತು. ಡಬ್ಬಿಯ ಮೇಲಿನ ಅಕ್ಷರ ಯಾರಾದರೂ ಓದಿಯಾರೆಂದು ಗುಳಿಗೆಗಳನ್ನು ಕಬ್ಬಿಣಾಂಶದ ಕೆಂಪು ಗುಳಿಗೆಯ ಜೊತೆ ಒಂದೇ ಚೀಟಿಗೆ ಸುರಿದು, ಬೆಳಿಗ್ಗೆ ಖಾಲಿ ಹೊಟ್ಟೆಗೆ ಎಲ್ಲವನ್ನೂ ಒಟ್ಟಿಗೆ ನುಂಗುತ್ತಿದ್ದಳು. ವಾಂತಿ ಆಗುತ್ತಿತ್ತು. ನಿಜವಾದ ಕಾರಣ ಅದೂ ಅಲ್ಲ. ಗುಳಿಗೆಯ ಸಾಲಿನಲ್ಲಿ ಆಕೆ ತನ್ನ ಗಂಡನ ಊರಿನ ಒಬ್ಬ ಮನುಷ್ಯನನ್ನು ನೋಡಿದ್ದಳು. ಅವನು ತನ್ನನ್ನು ನೋಡಿದನೋ ಇಲ್ಲವೋ ತಿಳಿಯದೆ ಹೆದರಿಕೊಂಡೇ ದಿನ ಕಳೆದಿದ್ದಳು.

'ಅವನೂ ಅದ ಸಾಲಿನ್ಯಾಗ ನಿಂತಿದ್ದನಲ್ಲ ತಂಗಿ' ಎಂದರು ಅಕ್ಕ. 'ನಿನ್ನ ನೋಡಿ ನೀ ಅಂಜಿದ್ದಕ್ಕಿಂತ ಹೆಚ್ಚು ಅಂವ ಅಂಜಿರತಾನ.'

ಗುಳಿಗೆಯ ವೇಳೆಯ ವಿಷಯ ಸಣ್ಣದಲ್ಲ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಗುಳಿಗೆಗಳನ್ನು ಖಾಲಿ ಹೊಟ್ಟೆಯಲ್ಲಿ ಡೊಲುಟೆಗ್ರಾವಿರ್ ಜೊತೆ ತೆಗೆದುಕೊಂಡರೆ ಅವು ಅದನ್ನು ರಕ್ತಕ್ಕೆ ಸರಿಯಾಗಿ ಸೇರಲು ಬಿಡುವುದಿಲ್ಲ. ಎಆರ್‌ಟಿ ಗುಳಿಗೆ ಅವಕ್ಕಿಂತ ಎರಡು ತಾಸು ಮೊದಲು ಇಲ್ಲವೇ ಆರು ತಾಸು ಆಮೇಲೆ ಆಗಬೇಕು. ಒಟ್ಟಿಗೆ ಆಗಲೇಬೇಕೆಂದರೆ ಊಟದ ಜೊತೆ. ಬಸುರಿಯರಿಗೆ ಮೂರೂ ಬೇಕಾಗಿರುವುದರಿಂದ ಈ ಮಾತು ಬಾಯಿಪಾಠ ಆಗಿರಬೇಕು. ಅಕ್ಕ ತಾಸಿನ ಲೆಕ್ಕ ಹೇಳಲಿಲ್ಲ. ಕಬ್ಬಿಣದ್ದು, ಕ್ಯಾಲ್ಸಿಯಂದು ಹಗಲು ಹೊತ್ತಿನಲ್ಲಿ, ಇದೊಂದು ರಾತ್ರಿ ಮಲಗುವಾಗ ಎಂದು ಕಟ್ಟಿಕೊಟ್ಟರು. ಹಳೆಯ ಕುಂಕುಮದ ಡಬ್ಬಿಯೊಂದನ್ನು ತೊಳೆದು ಒಣಗಿಸಿ, ಏಳು ದಿನದ ಗುಳಿಗೆ ಅದರಲ್ಲಿ ಇಟ್ಟುಕೊಳ್ಳಲು ಹೇಳಿದರು. ದೊಡ್ಡ ಡಬ್ಬಿ ಬಟ್ಟೆಯ ಗಂಟಿನ ತಳಕ್ಕೆ ಹೋಯಿತು.

ಆ ವಾರವೇ ಸೊಸೆ ಬಾಂಬೋಳಿಗೆ ಹೋದಳು. ಚಿಕಿತ್ಸೆ ಮತ್ತೆ ಶುರುವಾಯಿತು.

ಹೇಳುವ ಹಕ್ಕು ಯಾರದು

ಗಂಡನಿಗೆ ಹೇಳುವುದು ಹೇಗೆ? ಸಂಸ್ಥೆಯೊಳಗೆ ಎರಡು ಅಭಿಪ್ರಾಯವಿತ್ತು. ಬೇಗ ಹೇಳಿಬಿಡಬೇಕು, ಅವನಿಗೂ ಪರೀಕ್ಷೆ ಆಗಬೇಕಲ್ಲ ಎನ್ನುವವರು ಕೆಲವರು. ಅಕ್ಕ ಒಪ್ಪಲಿಲ್ಲ, ಅವರ ಬೆನ್ನಿಗೆ ಕಾನೂನೂ ಇತ್ತು. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಒಬ್ಬರ ಸೋಂಕಿನ ವಿಷಯವನ್ನು ಅವರ ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಗೆ ತಿಳಿಸುವಂತಿಲ್ಲ. ಸಂಗಾತಿಗೆ ತಿಳಿಸುವ ಸೀಮಿತ ಅವಕಾಶ ಇರುವುದು ವೈದ್ಯರಿಗೆ ಮತ್ತು ಆಪ್ತ ಸಮಾಲೋಚಕರಿಗೆ, ಅದೂ ಹಲವು ಷರತ್ತುಗಳ ಮೇಲೆ. ಹೇಳಿದರೆ ಹೊಡೆತ ಬೀಳಬಹುದು, ಮನೆಯಿಂದ ಹೊರಹಾಕಬಹುದು ಎಂಬ ಸಕಾರಣ ಭಯವಿದ್ದರೆ, ವಿಶೇಷವಾಗಿ ಹೆಣ್ಣುಮಕ್ಕಳ ವಿಷಯದಲ್ಲಿ, ಅವರೂ ಹೇಳುವಂತಿಲ್ಲ. ಓಣಿಯ ಶಿಕ್ಷಕಿಗೆ ಆ ಅಧಿಕಾರವೇ ಇಲ್ಲ.

ಗೋವಾದಲ್ಲಿ ಈ ಮಾತಿಗೆ ಹೆಚ್ಚಿನ ತೂಕವಿದೆ. 1989ರಲ್ಲಿ, ರಕ್ತದಾನ ಮಾಡಿದಾಗ ಸೋಂಕು ಪತ್ತೆಯಾದ ಡೊಮಿನಿಕ್ ಡಿಸೋಜಾ ಎಂಬ ಯುವಕನನ್ನು ಆಗಿನ ಸಾರ್ವಜನಿಕ ಆರೋಗ್ಯ ಕಾನೂನಿನ ಹೆಸರಿನಲ್ಲಿ ಪೊಲೀಸರು ಹಿಡಿದೊಯ್ದು ಮಾಪುಸಾದ ಹಳೆಯ ಕ್ಷಯರೋಗ ಆಸ್ಪತ್ರೆಯಲ್ಲಿ 64 ದಿನ ಕೂಡಿಹಾಕಿದ್ದರು. ಅವರ ತಾಯಿ ಲೂಸಿ ಡಿಸೋಜಾ ಹೈಕೋರ್ಟಿಗೆ ಹೋದರು. ಹೊರಬಂದ ಡೊಮಿನಿಕ್ ಸೋಂಕಿತರಿಗಾಗಿ ಸಂಸ್ಥೆ ಕಟ್ಟಿ, 1992ರಲ್ಲಿ ತೀರಿಕೊಂಡರು. ಹಳೆಯ ಬೈನಾದವರ ಬಾಯಲ್ಲಿ 'ಪೊಲೀಸ್ರು ಒಯ್ತಾರ' ಎಂಬ ಭಯ ಬಹಳ ವರ್ಷ ಉಳಿದಿತ್ತು ಎಂದು ಅಕ್ಕ ಹೇಳುತ್ತಾರೆ.

ಹಾಗಾಗಿ ಅವರು ಕಾದರು. ಕಾಯುತ್ತ ಸುಮ್ಮನೆ ಕೂರಲಿಲ್ಲ. ಬೆಳಗಿನ ನಾಕಾದಲ್ಲಿ ಕೂಲಿಗಾಗಿ ನಿಲ್ಲುವ ಗಂಡಸರ ನಡುವೆ ಅವರಿಗೆ ಮೊದಲೇ ಬಳಕೆಯಿತ್ತು. ಈ ಗೌಂಡಿಯ ಜೊತೆಗಾರನೊಬ್ಬನಿಗೆ ಟಿಬಿ ಆದಾಗ ಆರು ತಿಂಗಳ ಚಿಕಿತ್ಸೆ ಮುಗಿಸಿಕೊಟ್ಟವರೂ ಅವರೇ. ಆ ವಾರದಿಂದ ನಾಕಾದಲ್ಲಿ ಅವರು ಬಸುರಿ ಹೆಂಡತಿಯಿರುವ ಎಲ್ಲ ಗಂಡಸರಿಗೂ ಒಂದೇ ಮಾತು ಹೇಳತೊಡಗಿದರು: ಹೆಂಡತಿಗೆ ರಕ್ತ ಪರೀಕ್ಷೆ ಆಗಿರುತ್ತದೆ, ನಿಮಗೂ ಆಗಲಿ. ಮೂರು ನಾಲ್ಕು ಮಂದಿ ಹೋಗಿ ಬಂದರು. ಆಮೇಲೆ ಈತನೂ ಹೋದ. ನೆಗೆಟಿವ್ ಬಂತು.

ಈ ಫಲಿತಾಂಶ ಕೆಲಸವನ್ನು ಕಷ್ಟ ಮಾಡಿತು. ಗಂಡನಿಗಿಲ್ಲ, ಹೆಂಡತಿಗಿದೆ ಎಂದರೆ ಊರು ಏನು ಹೇಳುತ್ತದೆಂದು ಎಲ್ಲರಿಗೂ ಗೊತ್ತು. ಸೊಸೆ ಮಾತ್ರ ಅಂದುಕೊಂಡದ್ದಕ್ಕಿಂತ ಬೇಗ ತೀರ್ಮಾನಿಸಿದಳು. ಅವನಿಗೆ ತನ್ನಿಂದ ಬರಬಾರದು ಎಂಬುದೊಂದೇ ಆಕೆಯ ಕಾರಣ. ಐಸಿಟಿಸಿಯ ಕೋಣೆಯಲ್ಲಿ, ಸಮಾಲೋಚಕಿಯ ಎದುರು, ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಕೆಯೇ ಹೇಳಿದಳು. ಗಂಡ ಕೇಳಿದ ಮೊದಲ ಪ್ರಶ್ನೆ 'ಎಲ್ಲಿಂದ ಬಂತು?' ಉತ್ತರ ಬರುವ ಮೊದಲೇ ಎದ್ದು ಹೊರಗೆ ಹೋದ. ಕೆಲವು ರಾತ್ರಿ ಕೆಲಸದ ಸೈಟಿನಲ್ಲೇ ಮಲಗಿದ.

ಅಕ್ಕ ಅವನನ್ನು ಹುಡುಕಿಕೊಂಡು ಹೋಗಲಿಲ್ಲ. ಎಂದಿನಂತೆ ನಾಕಾಕ್ಕೆ ಹೋದರು, ಎಂದಿನಂತೆ ಎಲ್ಲರೊಂದಿಗೆ ಮಾತಾಡಿದರು, ಅವನತ್ತ ವಿಶೇಷವಾಗಿ ನೋಡಲೂ ಇಲ್ಲ. ಅವನೇ ಚಹಾದ ಗಾಡಿಯ ಹತ್ತಿರ ಬಂದು ನಿಂತ. ಮತ್ತೆ ಅದೇ ಪ್ರಶ್ನೆ. 'ಎಲ್ಲಿಂದ ಬಂತು ಅಂತ ಹುಡುಕ್ಕೋತ ಕುಂತ್ರ ಕೂಸಿನ ದಿನ ಹೊಕ್ಕಾವ್ ತಮ್ಮಾ. ಸೂಜಿಯಿಂದ್ಲೂ ಬರತೈತಿ, ರಕ್ತದಿಂದ್ಲೂ ಬರತೈತಿ, ಹುಟ್ಟತಾನೂ ಬರತೈತಿ. ನಿನಗ ಬಂದಿಲ್ಲ, ಕೂಸಿಗೂ ಬರದಂಗ ಮಾಡೂಣು. ಅದು ನಮ್ಮ ಕೈಯಾಗೈತಿ' ಎಂದರು.

ಸೋಂಕಿನ ಮೂಲವನ್ನು ಅಕ್ಕ ಸೊಸೆಯನ್ನೂ ಯಾವತ್ತೂ ಕೇಳಿಲ್ಲ. ನಾನೂ ಕೇಳಿಲ್ಲ. ಪ್ರಕರಣ ಅಧ್ಯಯನವೆಂದರೆ ಅದು ಇರಲೇಬೇಕೆಂದು ಹೇಳುವವರಿದ್ದಾರೆ; ಚಿಕಿತ್ಸೆಗೆ ಅದರಿಂದ ಆಗುವ ಉಪಯೋಗ ಏನೂ ಇಲ್ಲದಿರುವಾಗ ಆ ಪ್ರಶ್ನೆಯಿಂದ ಹೆಂಗಸಿಗೆ ನೋವಾಗುತ್ತದೆ ಅಷ್ಟೇ.

ಗಂಡ ಮನೆಗೆ ಮರಳಿದ. ಸೋಂಕು ತಗುಲಿ ಕೆಲವು ವಾರ ಪರೀಕ್ಷೆಯಲ್ಲಿ ಕಾಣದಿರಬಹುದಾದ್ದರಿಂದ ಮೂರು ತಿಂಗಳಿಗೆ ಮತ್ತೊಮ್ಮೆ ಪರೀಕ್ಷೆ, ಅಲ್ಲಿಯವರೆಗೆ ಮತ್ತು ಆಮೇಲೂ ಕಾಂಡೋಮ್ ಎಂದು ನಿಶ್ಚಯವಾಯಿತು. ಅತ್ತೆಗೆ ಹೇಳುವುದು ಬೇಡವೆಂದು ಗಂಡಹೆಂಡತಿ ಇಬ್ಬರೂ ಸೇರಿ ತೀರ್ಮಾನಿಸಿದರು.

ಕುಬಸ

ಏಳನೇ ತಿಂಗಳಲ್ಲಿ ಕುಬಸ ಮಾಡಿ ಮಗಳನ್ನು ಕರೆದೊಯ್ಯುತ್ತೇವೆಂದು ತವರಿನಿಂದ ಫೋನು ಬಂತು. ಇಲ್ಲಿಯೇ ಹೆರಿಗೆ ಆಗಲಿ, ಗುಳಿಗೆಯ ಸರಪಳಿ ಕಡಿಯುವುದು ಬೇಡ ಎಂಬುದು ಆಸ್ಪತ್ರೆಯ ಕಡೆಯ ಸಲಹೆ. ವೈದ್ಯಕೀಯವಾಗಿ ಅದರಲ್ಲಿ ತಪ್ಪಿಲ್ಲ. ಅಕ್ಕ ಅದಕ್ಕೆ ಎದುರು ನಿಂತರು. ಚೊಚ್ಚಲ ಹೆರಿಗೆಗೆ ಮಗಳನ್ನು ಕಳಿಸಲಿಲ್ಲವೆಂದರೆ ಎರಡೂ ಊರಲ್ಲಿ ಯಾಕೆ ಎಂದು ಕೇಳುತ್ತಾರೆ, ಆ ಪ್ರಶ್ನೆಗೆ ಉತ್ತರ ಹುಡುಕುವವರು ಉತ್ತರ ಹುಡುಕಿಯೇ ಬಿಡುತ್ತಾರೆ. ಖೋಲಿಯಲ್ಲಿ ಅತ್ತೆಗೆ ಮೊಣಕಾಲು ನೋವು, ಬಾಣಂತನ ಮಾಡುವವರಿಲ್ಲ. ಹುಡುಗಿಗೆ ತಾಯಿಯ ಕೈಯ ಊಟ, ಎಣ್ಣೆನೀರು, ನಿದ್ದೆ ಬೇಕು. ಆಕೆಯನ್ನು ಇಲ್ಲಿ ಹಿಡಿದಿಡುವ ಬದಲು ಗುಳಿಗೆಯನ್ನೇ ಅಲ್ಲಿಗೆ ಕಳಿಸೋಣ ಎಂಬುದು ಅವರ ವಾದ. ನನ್ನ ಮಟ್ಟಿಗೆ ಈ ಪ್ರಕರಣದ ಅತ್ಯಂತ ಸರಿಯಾದ ನಿರ್ಧಾರ ಇದು.

ಇದಕ್ಕೆ ವ್ಯವಸ್ಥೆಯೂ ಇದೆ. ಒಂದು ಎಆರ್‌ಟಿ ಕೇಂದ್ರದಿಂದ ಇನ್ನೊಂದಕ್ಕೆ ವರ್ಗ ಮಾಡಿಸಿಕೊಳ್ಳಬಹುದು. ಕೇಂದ್ರದವರು 'ಟ್ರಾನ್ಸ್‌ಫರ್ ಔಟ್' ಎಂದು ಬರೆದುಕೊಡುತ್ತಾರೆ, ಹಸಿರು ಬುಕ್ಕು ಜೊತೆಗೆ ಹೋಗುತ್ತದೆ. ಕಾಗದದ ಮೇಲೆ ವರ್ಗವಾಗಿ ಆ ಕಡೆ ಹೋಗಿ ಮುಟ್ಟದವರು ಎಷ್ಟೋ ಮಂದಿ ಎಂಬುದು ಅಕ್ಕನ ಅನುಭವ. ಅವರು ಬಾಗಲಕೋಟೆಯ ಕೇಂದ್ರದ ಸಮಾಲೋಚಕಿಯೊಂದಿಗೆ ಮೊದಲೇ ಫೋನಿನಲ್ಲಿ ಮಾತಾಡಿದರು, ಸೊಸೆಯ ಒಪ್ಪಿಗೆ ಪಡೆದು ಇಬ್ಬರನ್ನೂ ಮಾತಾಡಿಸಿದರು. ದಾರಿಯಲ್ಲಿ ತಡವಾದರೂ ಸಾಕಾಗುವಷ್ಟು ಗುಳಿಗೆ ಕೈಯಲ್ಲಿರುವಂತೆ ನೋಡಿಕೊಂಡರು. ರಾತ್ರಿ ಹೊತ್ತು ಅನುಮಾನ ಬಂದರೆ ಕೇಳಲು 1097 ಎಂಬ ಉಚಿತ ಸಹಾಯವಾಣಿಯನ್ನು ಗಂಡನ ಫೋನಿನಲ್ಲಿ ಬರೆಸಿದರು.

ಕುಬಸಕ್ಕೆ ಅಕ್ಕನನ್ನೂ ಕರೆದಿದ್ದರು. ಹಸಿರು ಬಳೆ ತೊಡಿಸಿದವರು ಅವರೇ. ಹಳೆಯ ಕಸುಬು, ಕೈ ಮರೆತಿರಲಿಲ್ಲ. ಆರತಿಯ ಹಾಡು ಮುಗಿದು ಎಲ್ಲರೂ ಊಟಕ್ಕೆ ಕೂತಾಗ ಅವರು ಊರಿನಿಂದ ಬಂದಿದ್ದ ತಾಯಿಯ ಪಕ್ಕದ ಎಲೆ ಹಿಡಿದರು. ಹುಟ್ಟಿದ ಕೂಸಿಗೆ ಜೇನು ನೆಕ್ಕಿಸುವುದು, ಸಕ್ಕರೆ ನೀರು, ಔಡಲೆಣ್ಣೆ, ಹಾಲು ಇಳಿಯುವವರೆಗೆ ಆಕಳ ಹಾಲು, ಇವೆಲ್ಲ ಆ ತಾಯಿಗೆ ತನ್ನ ತಾಯಿಯಿಂದ ಬಂದ ಪದ್ಧತಿ. ಎಚ್‌ಐವಿ ಇರುವ ತಾಯಿಯ ಮಗುವಿಗೆ ಇದು ದೊಡ್ಡ ಅಪಾಯ. ಎದೆಹಾಲಿನ ಜೊತೆ ಬೇರೆ ಏನೇ ಬೆರೆತರೂ ಕೂಸಿನ ಕರುಳಿನ ಒಳಪದರಕ್ಕೆ ಪೆಟ್ಟಾಗಿ ವೈರಸ್ ಒಳಹೋಗಲು ದಾರಿಯಾಗುತ್ತದೆ. ಆರು ತಿಂಗಳು ಬರೀ ಎದೆಹಾಲು, ಹನಿ ನೀರೂ ಇಲ್ಲ, ಔಷಧಿ ಮಾತ್ರ.

ಅದೃಷ್ಟಕ್ಕೆ ಈ ಸಲಹೆ ಎಲ್ಲ ಕೂಸುಗಳಿಗೂ ಒಂದೇ. ಅಕ್ಕ ತಾಯಿಗೆ ಹೇಳಿದ್ದು ಇಷ್ಟು: 'ಬೀಗತ್ಯಾರ, ಈಗ ಡಾಕ್ಟರು ಯಾ ಕೂಸಿಗೂ ಜೇನು ಕೊಡಬ್ಯಾಡ ಅಂತಾರ. ನಿಮ್ಮ ಮಗಳಿಗಿ ರಕ್ತ ಕಡಿಮಿ, ಕೂಸು ಸಣ್ಣದಿರಬಹುದು. ದೊಡ್ಡ ದವಾಖಾನ್ಯಾಗ ಹಡೀಲಿ, ಹಾಲು ಬಿಟ್ಟು ಏನೂ ಹಾಕಬ್ಯಾಡ್ರಿ.' ಆ ತಾಯಿ ವಾದ ಮಾಡಿದಳು, ತನ್ನ ಐದೂ ಮಕ್ಕಳು ಜೇನು ನೆಕ್ಕಿಯೇ ಬೆಳೆದವೆಂದಳು. ಅಕ್ಕ ಒಪ್ಪಿಕೊಂಡು ಕೇಳಿದರು, ಮತ್ತೆ ಮೊದಲಿನಿಂದ ಹೇಳಿದರು. ಊಟ ಮುಗಿಯುವ ಹೊತ್ತಿಗೆ ಅರ್ಧ ಒಪ್ಪಿಗೆ ಸಿಕ್ಕಿತ್ತು. ಉಳಿದರ್ಧವನ್ನು ವಾರಕ್ಕೊಮ್ಮೆ ಫೋನಿನಲ್ಲಿ ಪಡೆದರು.

ಘಟ್ಟದ ಆಚೆ

ನವನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಎಂಟನೇ ತಿಂಗಳಲ್ಲಿ ವೈರಲ್ ಲೋಡ್ ಪರೀಕ್ಷೆ, ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ನೋಡುವ ಪರೀಕ್ಷೆ ಆಯಿತು. ವೈರಸ್ ಪತ್ತೆಯಾಗದಷ್ಟು ಕಡಿಮೆ. ರಕ್ತದ ಅಂಶವೂ ಹತ್ತರ ಹತ್ತಿರ ಬಂದಿತ್ತು. ಹೆರಿಗೆ ಸಹಜವಾಗಿ ಅಲ್ಲಿಯೇ ಆಯಿತು, ಹೆಣ್ಣು ಕೂಸು. ಹುಟ್ಟಿದ ದಿನದಿಂದಲೇ ಕೂಸಿಗೆ ಸೋಂಕು ತಗುಲದಂತೆ ತಡೆಯುವ ನೆವಿರಪಿನ್ ಸಿರಪ್ ಶುರುವಾಯಿತು, ಆರು ವಾರ ದಿನವೂ ಕೊಡಬೇಕಾದದ್ದು.

ಸೊಸೆಯ ತಾಯಿಗೆ ವಿಷಯ ತಿಳಿದದ್ದು ಬಾಣಂತಿಕೋಣೆಯಲ್ಲಿ. ರಾತ್ರಿಯ ಗುಳಿಗೆ, ಕೂಸಿನ ಸಿರಪ್ಪು, ಎರಡನ್ನೂ ದಿನವೂ ನೋಡುವವರಿಗೆ ಎಷ್ಟು ದಿನ ಕಾಣದಿದ್ದೀತು? ಆಕೆ ನೇರವಾಗಿ ಕೇಳಿದಳು, ಮಗಳು ಹೇಳಿದಳು. ಆ ರಾತ್ರಿ ಇಬ್ಬರೂ ಅತ್ತರೆಂದು ಸೊಸೆ ನನಗೆ ಹೇಳಿದಳು, ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಮರುದಿನ ತಾಯಿ ಅಕ್ಕನಿಗೆ ಫೋನು ಮಾಡಿ ಕೇಳಿದ್ದು ಒಂದೇ ಮಾತು: 'ನಾ ಕೂಸಿನ್ನ ಎತ್ತಿಕೊಂಡು ಮುದ್ದು ಕೊಡಬಹುದೇನ್ರಿ?' ಕೊಡಬಹುದು, ಎರೆಯಬಹುದು, ಮಗಳ ತಾಟಿನಲ್ಲೇ ಉಣ್ಣಬಹುದು ಎಂದರು ಅಕ್ಕ. ಅಂದಿನಿಂದ ಗುಳಿಗೆಯ ಹೊಣೆ ಆ ತಾಯಿಯದು. ಓದು ಬರಹ ಇಲ್ಲದ ಆಕೆ ಟಿವಿಯಲ್ಲಿ ರಾತ್ರಿಯ ಧಾರಾವಾಹಿಯ ಹಾಡು ಶುರುವಾದ ಕೂಡಲೇ ನೀರಿನ ಚೊಂಬು ಹಿಡಿದು ಮಗಳ ಎದುರು ನಿಲ್ಲುತ್ತಿದ್ದಳು.

ಆರನೇ ವಾರಕ್ಕೆ ಕೂಸಿನ ಹಿಮ್ಮಡಿ ಚುಚ್ಚಿ, ರಕ್ತದ ಹನಿಗಳನ್ನು ಕಾಗದದ ಮೇಲೆ ಒಣಗಿಸಿ ಕಳಿಸಿದರು. ಫಲಿತಾಂಶ ನೆಗೆಟಿವ್. ಐದನೇ ತಿಂಗಳಿಗೆ ತೊಟ್ಟಿಲ ಸಮೇತ ಸೊಸೆ ಜುವಾರಿನಗರಕ್ಕೆ ಬಂದಳು, ಹಸಿರು ಬುಕ್ಕು ಮತ್ತೆ ಬಾಂಬೋಳಿಗೆ ಬಂತು. ಆರನೇ ತಿಂಗಳ ಪರೀಕ್ಷೆಯೂ ನೆಗೆಟಿವ್. ಗಂಡನ ಎರಡನೇ ಪರೀಕ್ಷೆಯೂ ಅಷ್ಟೇ.

ಈಗಿನ ಸ್ಥಿತಿ

ಕೂಸಿಗೆ ಸೋಂಕಿಲ್ಲವೆಂದು ಪೂರ್ತಿ ಹೇಳಲು 18ನೇ ತಿಂಗಳ ಪರೀಕ್ಷೆ ಆಗಬೇಕು, ಅದಕ್ಕೆ ಮೊದಲು ಒಂದು ವರ್ಷದ ಪರೀಕ್ಷೆ ಇದೆ. ಸೊಸೆಯ ವೈರಲ್ ಲೋಡ್ ಹೀಗೆಯೇ ಪತ್ತೆಯಾಗದಷ್ಟು ಕಡಿಮೆ ಉಳಿದರೆ ಗಂಡನಿಗೆ ಸಂಭೋಗದಿಂದ ಸೋಂಕು ಹರಡುವುದಿಲ್ಲ ಎಂಬುದನ್ನು ಸಮಾಲೋಚಕಿ ಇಬ್ಬರಿಗೂ ವಿವರಿಸಿದ್ದಾರೆ. ಅತ್ತೆಗೆ ಇವತ್ತಿಗೂ ಗೊತ್ತಿಲ್ಲ. ಕಾರಹುಣ್ಣಿವೆಗೆ ಊರಿಗೆ ಹೋಗುವುದಿದೆ, ಬಿತ್ತನೆ ಮುಗಿಸಿ ಬರುವವರೆಗಿನ ಗುಳಿಗೆಯನ್ನು ಅಕ್ಕ ಈಗಲೇ ಲೆಕ್ಕ ಹಾಕಿ ಬರೆಸಿದ್ದಾರೆ. ಗುಳಿಗೆಯ ಸಾಲಿನಲ್ಲಿ ಕಂಡಿದ್ದ ಆ ಊರಿನ ಮನುಷ್ಯನನ್ನು ಸೊಸೆ ಮತ್ತೆ ಎರಡು ಮೂರು ಸಲ ನೋಡಿದ್ದಾಳೆ. ಈಗ ಇಬ್ಬರೂ ತಲೆಯಾಡಿಸಿ ಮುಂದೆ ಹೋಗುತ್ತಾರಂತೆ. ಅಕ್ಕನ ಹುದ್ದೆ ಗುತ್ತಿಗೆಯದು, ವರ್ಷವರ್ಷವೂ ಮುಂದುವರಿಯಬೇಕು. ಈ ವರ್ಷದ ವರದಿಯ ಜೊತೆ, ಗುರುವಾರಗಳ ಮನೆಭೇಟಿಯನ್ನೂ ಕೆಲಸವೆಂದು ಲೆಕ್ಕಕ್ಕೆ ಹಿಡಿಯಬೇಕೆಂದು ಅವರ ಸಂಸ್ಥೆಗೆ ನಾನು ಪತ್ರ ಬರೆದಿದ್ದೇನೆ.